ಸಾರ್ವಜನಿಕ ಪ್ರಸಾರದಲ್ಲಿ ಪರಿಸರವೂ ಸಂಸ್ಕೃತಿಯೂ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಪ್ರೇಷಕಯಂತ್ರವೊಂದನ್ನು ನಿಲ್ಲಿಸಿ ಪ್ರಸಾರವನ್ನು ಆರಂಭಿಸಿದರು. ಆ ಪುಟ್ಟ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಅಖಿಲ ಭಾರತದ ಬಾನುಲಿ ಸಂಸ್ಥೆಯ ಹೆಸರೂ ಆಯಿತು. ಈ ವೃತ್ತಾಂತವನ್ನು ನಾವು ಅಭಿಮಾನಕ್ಕಾಗಿ ಮಾತ್ರ ನೆನೆಯುತ್ತಿಲ್ಲ. ನಮ್ಮ ನಾಡಿನಲ್ಲಿ ಪ್ರಸಾರವು ಲಾಭಕ್ಕಾಗಿ ಹುಟ್ಟಿದುದಲ್ಲ. ತಿಳಿದವರು ತಿಳಿದುದನ್ನು ನೆರೆಹೊರೆಯವರೊಡನೆ ಹಂಚಿಕೊಳ್ಳಬೇಕೆಂಬ ಹಂಬಲದಿಂದ ಹುಟ್ಟಿದುದು. ಆ ಹಂಬಲಕ್ಕೆ ಇಂದು ಪರಿಸರ ಮತ್ತು ಸಂಸ್ಕೃತಿಗಳ ವಿಷಯದಲ್ಲಿ ಎಂತಹ ಕೆಲಸವಿದೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಬಹುದು.

ಮೊದಲು ‘ಸಾರ್ವಜನಿಕ ಪ್ರಸಾರ’ ಎಂಬ ಮಾತಿನ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಯುಕ್ತ. ಸರ್ಕಾರದ ಅಭಿಪ್ರಾಯವನ್ನು ಸಾರುವ ಪ್ರಸಾರ ಒಂದು ಬಗೆ. ಜಾಹೀರಾತಿನ ಆದಾಯವನ್ನು ನೆಚ್ಚಿದ ಪ್ರಸಾರ ಇನ್ನೊಂದು ಬಗೆ. ಇವೆರಡಕ್ಕಿಂತ ಭಿನ್ನವಾಗಿ, ಜನರ ಹಣದಿಂದ ಜನರ ಹಿತಕ್ಕಾಗಿ ನಡೆದು, ಎಲ್ಲರಿಗೂ ಉತ್ತರಕೊಡಬೇಕಾದುದು ಸಾರ್ವಜನಿಕ ಪ್ರಸಾರ. ಆಕಾಶ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. 1990ರಲ್ಲಿ ಅಂಗೀಕೃತವಾಗಿ 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಅಧಿನಿಯಮವು ಆಕಾಶವಾಣಿ ಮತ್ತು ದೂರದರ್ಶನಗಳನ್ನು ಒಂದು ನಿಗಮದ ಅಡಿಯಲ್ಲಿ ತಂದು, ಅದರ ಗುರಿಗಳನ್ನೂ ನಿರೂಪಿಸಿತು. ಶಿಕ್ಷಣ, ಬೇಸಾಯ, ಗ್ರಾಮಾಭಿವೃದ್ಧಿ, ಆರೋಗ್ಯಗಳ ಜೊತೆಗೆ ಪರಿಸರಕ್ಕೂ ವಿಶೇಷ ಗಮನವೀಯಬೇಕೆಂಬುದು ಆ ಗುರಿಗಳಲ್ಲಿ ಒಂದು. ನಾನಾ ಪ್ರದೇಶಗಳ ಸಂಸ್ಕೃತಿಗಳಿಗೂ ಭಾಷೆಗಳಿಗೂ ತಕ್ಕ ಸ್ಥಾನವಿರಬೇಕೆಂಬುದು ಮತ್ತೊಂದು.

ಇದಕ್ಕೂ ಮುಂಚೆಯೇ, 1991ರ ನವೆಂಬರ್ ತಿಂಗಳಲ್ಲಿ, ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಪರಿಸರ ಶಿಕ್ಷಣದ ಬಗ್ಗೆ ಮಹತ್ವದ ನಿರ್ದೇಶನಗಳನ್ನು ನೀಡಿತ್ತು. ಆಕಾಶವಾಣಿ ಮತ್ತು ದೂರದರ್ಶನಗಳು ದಿನಕ್ಕೆ 5ರಿಂದ 7 ನಿಮಿಷಗಳ ಕಾಲ ಪರಿಸರದ ಕಾರ್ಯಕ್ರಮಗಳನ್ನೂ, ವಾರಕ್ಕೊಮ್ಮೆ ಇನ್ನೂ ದೀರ್ಘವಾದುದನ್ನೂ ಪ್ರಸಾರ ಮಾಡುವುದು ಅವುಗಳಲ್ಲಿ ಒಂದು. ಶಾಲಾ ಕಾಲೇಜುಗಳಲ್ಲಿ ಪರಿಸರವು ಪಠ್ಯವಿಷಯವಾದುದಕ್ಕೂ ಇದೇ ತೀರ್ಪು ಆಧಾರ. ನಮ್ಮ ತರಗತಿಗಳ ಪಾಠವೂ ಬಾನುಲಿಯ ಆ ನಿಮಿಷಗಳೂ ಒಂದೇ ತಾಯಿಬೇರಿನ ಕವಲುಗಳೆಂಬುದನ್ನು ಅಧ್ಯಾಪಕರು ಗಮನಿಸಬೇಕು.

ಹೀಗೆ ಕಾನೂನಿನಲ್ಲಿ ಪರಿಸರಕ್ಕೂ ಸ್ಥಾನವಿದೆ, ಸಂಸ್ಕೃತಿಗೂ ಸ್ಥಾನವಿದೆ. ಆದರೆ ಎರಡೂ ಬೇರೆ ಬೇರೆ ಉಪಖಂಡಗಳಲ್ಲಿವೆ. ಕಾರ್ಯಕ್ರಮಗಳನ್ನು ರೂಪಿಸುವಲ್ಲಿಯೂ ಈ ವಿಭಜನೆ ಉಳಿದುಬಂದರೆ ತೊಂದರೆ ಅಲ್ಲಿಂದಲೇ ಆರಂಭವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಒಂದು ನಿದರ್ಶನದಿಂದ ಇದು ಸ್ಪಷ್ಟವಾದೀತು.

ಮಲೆನಾಡಿನಲ್ಲಿ ದಸರೆಯ ತರುವಾಯ ಬರುವ ಹುಣ್ಣಿಮೆಯಂದು ಭೂಮಿಹುಣ್ಣಿಮೆಯನ್ನು ಆಚರಿಸುತ್ತಾರೆ. ತೆನೆಗಟ್ಟುವ ಪೈರನ್ನು ಬಸುರಿಯೆಂದು ಭಾವಿಸಿ, ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿ ಗದ್ದೆಗೆ ಬೀರಿ, ಭೂಮಿಗೆ ಬಯಕೆಯೂಟವನ್ನು ಬಡಿಸುತ್ತಾರೆ. ಬುಟ್ಟಿಯ ಮೇಲಿನ ಚಿತ್ತಾರವನ್ನೂ ಹೆಂಗಸರ ಹಾಡನ್ನೂ ಕುರಿತು ಸಾಂಸ್ಕೃತಿಕ ವಿಭಾಗವು ಒಂದು ಕಾರ್ಯಕ್ರಮವನ್ನು ಮಾಡಬಹುದು. ಅದೇ ಗದ್ದೆಯ ಕೀಟಬಾಧೆಯನ್ನು ಕುರಿತು ಕೃಷಿ ವಿಭಾಗವು ಭಾಷಣವನ್ನು ಏರ್ಪಡಿಸಬಹುದು. ಎರಡೂ ಬೇಕಾದುವೇ. ಆದರೆ ಆ ಸೊಪ್ಪುಗಳು ಯಾವುವು, ಅವನ್ನು ಎಲ್ಲಿಂದ ತರುತ್ತಿದ್ದರು, ಇಂದು ಅವುಗಳಲ್ಲಿ ಎಷ್ಟು ದೊರೆಯುತ್ತವೆ, ದೊರೆಯದೆ ಹೋದುವಕ್ಕೆ ಕಾರಣವೇನು ಎಂಬ ಪ್ರಶ್ನೆಗಳನ್ನು ಕೇಳುವವರು ಯಾರು? ಅವು ಎರಡು ವಿಭಾಗಗಳ ನಡುವಣ ಬಿರುಕಿನಲ್ಲಿ ಬಿದ್ದುಹೋಗುತ್ತವೆ. ಉತ್ತರವನ್ನು ಬಲ್ಲ ಮುದುಕಿ ಹಾಡಿನ ನಡುವೆಯೇ ಅದನ್ನು ಹೇಳಿಯಾಳು. ಅವಳನ್ನು ಹಾಡಿಗಾಗಿ ಮಾತ್ರ ಕರೆದುಕೊಂಡು ಬಂದೆವಾದರೆ ನಾವು ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಕೊಡಗಿನ ದೇವರಕಾಡುಗಳ ಮಾತೂ ಹೀಗೆಯೇ. ಅಂತಹ ಕಾಡುಗಳು ಸಾವಿರಕ್ಕೂ ಹೆಚ್ಚಾಗಿವೆ. ಅಲ್ಲಿ ಮರ ಕಡಿಯಬಾರದೆಂಬ ಕಟ್ಟಳೆ ದೇವರಲ್ಲಿಟ್ಟ ಭಕ್ತಿಯೂ ಹೌದು, ಅರಣ್ಯರಕ್ಷಣೆಯೂ ಹೌದು. ಮಳೆಯನ್ನು ನಮ್ಮ ರೈತನು ಮೃಗಶಿರ, ಆರಿದ್ರಾ ಮೊದಲಾದ ನಕ್ಷತ್ರಗಳ ಹೆಸರಿನಿಂದ, ಸುಮಾರು ಹದಿನಾಲ್ಕು ದಿನಗಳ ಅವಧಿಗಳಲ್ಲಿ ಎಣಿಸುತ್ತಾನೆ. ಹವಾಮಾನ ವರದಿಯು ಮಿಲಿಮೀಟರುಗಳಲ್ಲಿ ಎಣಿಸುತ್ತದೆ. ಎರಡು ಲೆಕ್ಕಗಳನ್ನೂ ಒಟ್ಟಿಗೆ ಇಟ್ಟು ವಿವರಿಸಿದಾಗ ವಿಜ್ಞಾನವು ಪರಕೀಯವೆನಿಸದು. ಹಳೆಯ ನಂಬಿಕೆಯೂ ಪರೀಕ್ಷೆಗೆ ಒಳಗಾಗದೆ ಉಳಿಯದು. ಪರಂಪರೆಯೆಂದು ಎಲ್ಲವನ್ನೂ ಹೊಗಳುವುದು ನಮ್ಮ ಉದ್ದೇಶವಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಪ್ರಸಾರದಿಂದ ನಿಜವಾಗಿ ಫಲವುಂಟೆ ಎಂದು ಕೆಲವರು ಶಂಕಿಸಬಹುದು. ಈ ಪ್ರಶ್ನೆಯನ್ನು ಪರೀಕ್ಷಿಸಲು 1956ರಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿಯ ಪುಣೆ ಕೇಂದ್ರವು 150 ಹಳ್ಳಿಗಳಲ್ಲಿ ಒಂದು ಪ್ರಯೋಗವನ್ನು ನಡೆಸಿತು. ಕೆನಡಾ ದೇಶದ ಮಾದರಿಯನ್ನು ಅನುಸರಿಸಿ, ಹಳ್ಳಿಯವರು ಗುಂಪಾಗಿ ಕುಳಿತು ಕಾರ್ಯಕ್ರಮವನ್ನು ಕೇಳಿ, ಚರ್ಚಿಸಿ, ತಮ್ಮ ಸಂದೇಹಗಳನ್ನು ಕೇಂದ್ರಕ್ಕೆ ಬರೆದು ಕಳುಹುತ್ತಿದ್ದರು. ಪಾಲ್ ನ್ಯೂರಾತ್ ಅವರು ಇದನ್ನು ಅಧ್ಯಯನ ಮಾಡಿದರು. ಚರ್ಚಾಗೋಷ್ಠಿಗಳಿದ್ದ ಹಳ್ಳಿಗಳಲ್ಲಿ ತಿಳಿವಳಿಕೆಯು ಗಮನಾರ್ಹವಾಗಿ ಹೆಚ್ಚಿತು. ರೇಡಿಯೋ ಇದ್ದೂ ಗೋಷ್ಠಿಯಿಲ್ಲದ ಹಳ್ಳಿಗಳಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಯಂತ್ರವು ಮಾತನಾಡಿದರೆ ಸಾಲದು, ಕೇಳಿದವರೂ ಮಾತನಾಡಬೇಕು ಎಂಬುದೇ ಇದರ ಸಾರ.

1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ಮುಟ್ಟಿಸಿದ ಪ್ರಯೋಗದಲ್ಲಿ ಕರ್ನಾಟಕವೂ ಸೇರಿತ್ತು. ಉಪಗ್ರಹವು ದೂರವನ್ನು ಗೆಲ್ಲಬಲ್ಲದು. ಆದರೆ ಸೊಪ್ಪಿಗೂ ಮಣ್ಣಿಗೂ ಊರೂರಿಗೆ ಬೇರೆ ಬೇರೆ ಹೆಸರುಗಳುಂಟು. ಮಂಗಳೂರು ಕೇಂದ್ರದಿಂದ ತುಳು, ಕೊಂಕಣಿಗಳೂ, ಮಡಿಕೇರಿ ಕೇಂದ್ರದಿಂದ ಕೊಡವ ಭಾಷೆಯೂ ಕೇಳಿಬರುವುದರ ಬೆಲೆ ಇಲ್ಲಿದೆ. ಸ್ಥಳೀಯ ಕೇಂದ್ರವು ಕೇವಲ ಮರುಪ್ರಸಾರದ ಕಂಬವಾಗಿಬಿಟ್ಟರೆ ನಷ್ಟವಾಗುವುದು ಒಂದು ಕಾರ್ಯಕ್ರಮವಲ್ಲ. ಒಂದು ನೆಲವನ್ನು ಅದರ ಹೆಸರಿನಿಂದ ಕರೆಯುವ ಶಕ್ತಿಯೇ ನಷ್ಟವಾಗುತ್ತದೆ. ಧ್ವನಿಮುದ್ರಿಕೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಕಾಂತಸುರುಳಿಯನ್ನು ಅಳಿಸಿ ಮತ್ತೆ ಬಳಸಬಹುದು. ಅದರಲ್ಲಿದ್ದ ದನಿಯನ್ನು ಮತ್ತೆ ತರಲಾಗದು.

ಇಲ್ಲಿ ಕಾಲೇಜುಗಳ ಪಾಲು ಏನು? 2000ದ ದಶಕದ ಆರಂಭದಲ್ಲಿ ವಿದ್ಯಾಸಂಸ್ಥೆಗಳಿಗೂ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯನ್ನು ನಡೆಸುವ ಅವಕಾಶ ದೊರೆಯಿತು. ಎಲ್ಲ ಕಾಲೇಜುಗಳಿಗೂ ಇದು ಸಾಧ್ಯವಾಗದಿರಬಹುದು. ಆದರೆ ತಿಂಗಳಿಗೊಮ್ಮೆ ಒಂದು ಪ್ರಸಾರವನ್ನು ಒಟ್ಟಿಗೆ ಕೇಳಿ ಚರ್ಚಿಸುವುದು, ಅದರಲ್ಲಿ ಬಿಟ್ಟುಹೋದುದನ್ನು ಕೇಂದ್ರಕ್ಕೆ ಬರೆದು ತಿಳಿಸುವುದು, ರಜೆಯಲ್ಲಿ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರ ಮಾತನ್ನು ಸ್ಥಳ ಮತ್ತು ದಿನಾಂಕಗಳೊಡನೆ ಮುದ್ರಿಸಿಕೊಂಡು ಬರುವುದು ಯಾವ ಕಾಲೇಜಿಗೂ ಅಸಾಧ್ಯವಲ್ಲ. ಒಬ್ಬ ಪ್ರಾಧ್ಯಾಪಕರ ಮನೆಯಲ್ಲಿ 30 ವ್ಯಾಟಿನಿಂದ ಆರಂಭವಾದ ಕೆಲಸವನ್ನು ಮುಂದುವರಿಸುವುದಕ್ಕೆ ನಮ್ಮಲ್ಲಿ ಸಾಧನಗಳು ಕಡಿಮೆಯಾಗಿಲ್ಲ. ಬೇಕಾದುದು ಕೇಳುವ ಕಿವಿ, ಮತ್ತು ಕೇಳಿದುದನ್ನು ಬರೆದಿಡುವ ಶ್ರದ್ಧೆ.