ಕರುತ್ತಮ್ಮನ ಋಣ

ತಕಳಿ ಶಿವಶಂಕರ ಪಿಳ್ಳೆಯವರ ಮಲೆಯಾಳ ಕಾದಂಬರಿ ‘ಚೆಮ್ಮೀನ್’ 1956ರಲ್ಲಿ ಪ್ರಕಟವಾಗಿ, ಮರುವರ್ಷವೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಚೆಮ್ಮೀನ್ ಎಂದರೆ ಸಿಗಡಿ. 1965ರಲ್ಲಿ ರಾಮು ಕಾರ್ಯಾಟರು ಇದನ್ನು ಚಲನಚಿತ್ರವಾಗಿಸಿ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಮೇಲೆ, ಮಲೆಯಾಳ ತಿಳಿಯದವರಿಗೂ ಇದು ಪರಿಚಿತವಾಯಿತು. ಆದರೆ ಬಹುಮಟ್ಟಿಗೆ ವಿಫಲ ಪ್ರಣಯದ ಕಥೆಯಾಗಿ. ಕಾದಂಬರಿಯನ್ನು ಸಾವಧಾನವಾಗಿ ಓದಿದವರಿಗೆ ಅದರ ನಡುವೆ ಒಂದು ಸಾಲ ಕಾಣುತ್ತದೆ.

ಆಲಪ್ಪುಳದ ಕಡೆಯ ಕಡಲತೀರ. ಬೆಸ್ತ ಚೆಂಬನ್‌ಕುಂಞಿಗೆ ಸ್ವಂತ ದೋಣಿ, ಬಲೆಗಳನ್ನು ಕೊಳ್ಳುವ ಹಂಬಲ. ಕೈಯಲ್ಲಿರುವ ಹಣ ಸಾಲದು. ಸಣ್ಣ ಮೀನುವ್ಯಾಪಾರಿ ಪರೀಕುಟ್ಟಿಯನ್ನು ಮೊದಲು ಹಣ ಕೇಳುವವಳು ಮಗಳು ಕರುತ್ತಮ್ಮ. ಅದೂ ನಗುನಗುತ್ತ, ಸಲಿಗೆಯ ಮಾತಿನ ನಡುವೆ. ಪತ್ರವಿಲ್ಲ, ಜಾಮೀನಿಲ್ಲ. ದೋಣಿ ಬಂದ ಮೇಲೆ ಮೀನನ್ನು ತನಗೇ ಮಾರುವರೆಂಬ ಭರವಸೆಯೊಂದೇ ಅವನ ಆಧಾರ. ದೋಣಿ ಬಂತು, ಬಲೆ ತುಂಬಿತು. ಆದರೆ ಚೆಂಬನ್‌ಕುಂಞಿ ಮೀನಿಗೆ ರೊಕ್ಕವನ್ನೇ ಕೇಳಿದ. ಬಂಡವಾಳವನ್ನೆಲ್ಲ ಕೊಟ್ಟು ಕುಳಿತವನು ರೊಕ್ಕ ಎಲ್ಲಿಂದ ತರಬೇಕು? ಪರೀಕುಟ್ಟಿಯ ವ್ಯಾಪಾರ ಮುಳುಗಿತು.

ಕರುತ್ತಮ್ಮನ ಸತ್ತ್ವ ಗೋಚರಿಸುವುದು ಇಲ್ಲಿಯೇ. ಪರೀಕುಟ್ಟಿ ಪರಮತದವನು; ಅವನನ್ನು ಕೈಹಿಡಿಯುವಂತಿಲ್ಲ. ಗಂಡ ಕಡಲಿಗೆ ಹೋದಾಗ ಅವನ ಪ್ರಾಣ ದಡದಲ್ಲಿರುವ ಹೆಂಡತಿಯ ಶೀಲವನ್ನು ಅವಲಂಬಿಸಿದೆ ಎಂಬುದು ಆ ತೀರದ ನಂಬಿಕೆ. (ಗಂಡಸರಿಗೆ ಅಂಥ ಹೊಣೆಯಿಲ್ಲವೆಂಬುದನ್ನು ಓದುಗರು ಗಮನಿಸದಿರರು.) ಅವಳು ಆ ಕಟ್ಟಳೆಗೆ ತಲೆಬಾಗುತ್ತಾಳೆ. ಆದರೆ ಹಣ ಹಿಂದಿರುಗಿಸಬೇಕೆಂದು ತಾಯಿ ಚಕ್ಕಿಯನ್ನು ಪೀಡಿಸುವುದನ್ನು ಮಾತ್ರ ಬಿಡುವುದಿಲ್ಲ. ಕೊಡಬೇಕಾದ್ದನ್ನು ಕೊಡದ ಹೊರತು ಅವನ ಹಂಗಿನಿಂದ ತನಗೆ ಬಿಡುಗಡೆಯಿಲ್ಲವೆಂದು ಅವಳು ಬಲ್ಲಳು. ದೋಣಿಯ ಲೆಕ್ಕ ತಂದೆಯ ಕೈಯಲ್ಲಿತ್ತು, ನಿಜ. ಮನೆಯಲ್ಲಿ ನ್ಯಾಯದ ಲೆಕ್ಕ ಇಟ್ಟವಳು ಅವಳೊಬ್ಬಳೇ.

ಮದುವೆಯ ದಿನವೇ ತಾಯಿ ಮೂರ್ಛೆಹೋಗುತ್ತಾಳೆ. ತಂದೆ ತಡೆದರೂ ಕರುತ್ತಮ್ಮ ಗಂಡ ಪಳನಿಯೊಡನೆ ಹೊರಟುಬಿಡುತ್ತಾಳೆ. ಆ ಬಳಿಕ ತೌರಿನ ಬಾಗಿಲು ಮುಚ್ಚುತ್ತದೆ. ಗಂಡನ ಊರಿನಲ್ಲಿ ಅವಳ ಬೆನ್ನಿಗೆ ಅಪವಾದ. ಅದರಿಂದಾಗಿ ಜೊತೆಗಾರರು ಪಳನಿಯನ್ನು ದೋಣಿಗೆ ಸೇರಿಸಿಕೊಳ್ಳಲು ಹೆದರುತ್ತಾರೆ. ಅವನು ಒಂಟಿಯಾಗಿ ಕಡಲಿಗಿಳಿಯಬೇಕಾಗುತ್ತದೆ. ಕರುತ್ತಮ್ಮ ಮೀನಿನ ಬುಟ್ಟಿ ಹೊತ್ತು ಮಾರಲು ಹೊರಡುತ್ತಾಳೆ. ನಮ್ಮ ಮಲ್ಪೆ, ಗಂಗೊಳ್ಳಿಗಳ ತೀರವನ್ನು ಬಲ್ಲವರಿಗೆ ಈ ದುಡಿಮೆ ಹೊಸದಲ್ಲ. ಅಲ್ಲಿಯೂ ಬಲೆಯ ಮೀನು ಮನೆಯ ಅಕ್ಕಿಯಾಗುವುದು ಹೆಂಗಸರ ತಲೆಹೊರೆಯಿಂದಲೇ.

ಕೊನೆಗೆ ಪಳನಿ ನೇರವಾಗಿ ಕೇಳಿದಾಗ, ಪರೀಕುಟ್ಟಿಯನ್ನು ಪ್ರೀತಿಸಿದ್ದು ನಿಜವೆಂದು ಅವಳು ಒಪ್ಪಿಕೊಳ್ಳುತ್ತಾಳೆ. ಒಂದು ಸುಳ್ಳು ಹೇಳಿದ್ದರೆ ಸಂಸಾರ ಉಳಿಯುತ್ತಿತ್ತೇನೋ. ಆ ರಾತ್ರಿ ಅವನು ಗಾಳಕ್ಕೆ ಬಿದ್ದ ದೊಡ್ಡ ಶಾರ್ಕಿನೊಡನೆ ಸೆಣಸುತ್ತ ಸುಳಿಯಲ್ಲಿ ಮುಳುಗುತ್ತಾನೆ. ಅದೇ ರಾತ್ರಿ ಪರೀಕುಟ್ಟಿ ಬಂದು ಕರೆದಾಗ ಕರುತ್ತಮ್ಮ ಹೊರಗೆ ಬರುತ್ತಾಳೆ. ಎರಡು ದಿನಗಳ ಮೇಲೆ ಅವರಿಬ್ಬರ ದೇಹಗಳು ದಡ ಸೇರುತ್ತವೆ. ತಂಗಿ ಪಂಚಮಿ ಅಕ್ಕನ ಮಗುವನ್ನೆತ್ತಿಕೊಂಡು ದಡದಲ್ಲಿ ಅಳುತ್ತಿದ್ದಾಳೆ.