ಕಣ್ಣಿಗೆ ಕಾಣದ ತಲೆಪೆಟ್ಟು

ಕೈ ಮುರಿದವನು ಕಟ್ಟು ಹಾಕಿಸಿಕೊಂಡು ಬಂದರೆ ಊರೆಲ್ಲ ಮರುಗುವುದು. ತಲೆಗೆ ಪೆಟ್ಟು ಬಿದ್ದು, ಹೊರಗೆ ಗಾಯದ ಗುರುತೊಂದೂ ಉಳಿಯದೆ, ತಿಂಗಳಾದರೂ ತಲೆನೋವೆಂದು ನರಳುವವನನ್ನು ಕಂಡರೆ ಅದೇ ಊರು ಹುಬ್ಬೇರಿಸುವುದು. ಮನೆಯವರು ಸೋಮಾರಿತನವೆನ್ನುವರು, ಮೇಲಧಿಕಾರಿಗಳು ರಜೆಯ ನೆಪವೆನ್ನುವರು. ಈ ಅನ್ಯಾಯವನ್ನು ಕುರಿತು ಎರಡು ಮಾತನಾಡುವುದು ಅವಶ್ಯವೆಂದು ನಮಗೆ ತೋರಿದೆ.

ಪೆಟ್ಟಿನ ರಭಸಕ್ಕೆ ಮಿದುಳು ತಲೆಬುರುಡೆಯೊಳಗೆ ಅಲುಗಿ, ಅದರ ವ್ಯಾಪಾರವು ಕೆಡುವುದನ್ನು ವೈದ್ಯರು ಕನ್‌ಕಷನ್ ಎನ್ನುತ್ತಾರೆ. ಬೈಕಿನಿಂದ ಬಿದ್ದವರಿಗೂ, ಬಚ್ಚಲಲ್ಲಿ ಜಾರಿದ ವೃದ್ಧರಿಗೂ, ಆಟದ ಬಯಲಿನ ಹುಡುಗರಿಗೂ ಇದು ಒದಗುವುದುಂಟು. ಸಿ.ಟಿ. ಸ್ಕ್ಯಾನಿನಲ್ಲಿ ರಕ್ತಸ್ರಾವವೂ ಎಲುಬಿನ ಬಿರುಕೂ ಕಾಣುವುವೇ ಹೊರತು ಈ ಸೂಕ್ಷ್ಮವಾದ ಕೆಡುಕು ಸಾಮಾನ್ಯವಾಗಿ ಕಾಣದು. ಚಿತ್ರವು ನಿರ್ಮಲವಾಗಿದ್ದ ಮಾತ್ರಕ್ಕೆ ರೋಗಿಯು ಸುಳ್ಳುಗಾರನಾಗನು. ಬಹುಮಂದಿ ಕೆಲವು ವಾರಗಳಲ್ಲಿ ಗುಣಹೊಂದುವರು; ಕೆಲವರಿಗೆ ಮಾತ್ರ ತಲೆನೋವು, ತಲೆಸುತ್ತು, ದಣಿವು, ನಿದ್ರಾಭಂಗ, ಮರೆವು, ಸಿಡುಕು, ಬೆಳಕು ಸದ್ದುಗಳ ಅಸಹನೆ ತಿಂಗಳುಗಟ್ಟಲೆ ಉಳಿಯುವುವು.

ಇದು ದುರ್ಬಲರ ಕೊರಗೆಂದು ಬಗೆಯುವವರು ಆಸ್ಟ್ರೇಲಿಯದ ಕ್ರಿಕೆಟ್ ಪಟು ವಿಲ್ ಪುಕೋವ್‌ಸ್ಕಿಯವರನ್ನು ನೆನೆಯಲಿ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಭಾರತದ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿ 62 ಓಟಗಳನ್ನು ಗಳಿಸಿದ ಈ ತರುಣರು, ತಲೆಗೆ ಮೇಲಿಂದ ಮೇಲೆ ಬಿದ್ದ ಪೆಟ್ಟುಗಳ ಫಲವಾಗಿ 2025ರಲ್ಲಿ, 27ನೆಯ ವಯಸ್ಸಿಗೇ ಆಟವನ್ನು ತೊರೆದರು. ಕೊನೆಯ ಪೆಟ್ಟು ಬಿದ್ದು ವರ್ಷ ಕಳೆದರೂ ತಲೆನೋವೂ ದಣಿವೂ ಅವರನ್ನು ಬಿಟ್ಟಿರಲಿಲ್ಲ. ಪೆಟ್ಟು ತಿಂದ ಆಟಗಾರನಿಗೆ ಬದಲು ಆಟಗಾರನನ್ನು ಇಳಿಸುವ ನಿಯಮವನ್ನು ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆಯು 2019ರಲ್ಲಿ ಜಾರಿಗೆ ತಂದಿತು. ಆಟದ ಬಯಲಿನಲ್ಲಿ ಸಂದ ಈ ವಿವೇಕವು ಮನೆ ಕಚೇರಿಗಳಲ್ಲಿಯೂ ಸಲ್ಲಬೇಡವೇ?

ಉಪಚಾರದಲ್ಲಿ ಎರಡು ತಪ್ಪು ಹಾದಿಗಳುಂಟು. ಮರುದಿನವೇ ಮೊದಲಿನಂತೆ ದುಡಿಯತೊಡಗುವುದು ಒಂದು; ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಮಲಗುವುದು ಇನ್ನೊಂದು. ಈಗಿನ ವೈದ್ಯಶಾಸ್ತ್ರವು ಇವೆರಡನ್ನೂ ಒಪ್ಪದು. ಮೊದಲ 24ರಿಂದ 48 ಗಂಟೆಗಳವರೆಗೆ ವಿಶ್ರಾಂತಿ, ಮೊಬೈಲು ಟಿ.ವಿ.ಗಳಲ್ಲಿ ಮಿತಿ, ಆಮೇಲೆ ಮೆಲ್ಲನೆಯ ನಡಿಗೆಯಿಂದ ತೊಡಗಿ ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕೆಲಸವನ್ನು ಏರಿಸುವುದು. ಬಾಧೆಯು ತುಸು ಹೆಚ್ಚಿ ಒಂದು ಗಂಟೆಯೊಳಗೆ ತಗ್ಗಿದರೆ ಅಂಜಬೇಕಾಗಿಲ್ಲ. ಅದಕ್ಕೂ ಮೀರಿದರೆ ಆ ದಿನ ಒಂದು ಮೆಟ್ಟಿಲು ಕೆಳಗಿಳಿಯತಕ್ಕದ್ದು. ನಿಯತಕಾಲದ ನಿದ್ರೆಯು ಮುಖ್ಯ, ಮದ್ಯವು ವರ್ಜ್ಯ. ದಿನವೂ ನೋವಿನ ಮಾತ್ರೆ ನುಂಗಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗುವುದು. ಮರೆವಿಗೆ ಒಂದು ಟಿಪ್ಪಣಿ ಪುಸ್ತಕವಿರಲಿ. ತಿಂಗಳು ಕಳೆದರೂ ಬಾಧೆ ನಿಲ್ಲದಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ತಲೆಸುತ್ತಿಗೂ ಕುತ್ತಿಗೆಯ ನೋವಿಗೂ ತಕ್ಕ ವ್ಯಾಯಾಮ ಚಿಕಿತ್ಸೆಗಳಿವೆ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬೀಳದಂತೆ ಎಚ್ಚರವಹಿಸುವುದು ಎಲ್ಲಕ್ಕೂ ಮಿಗಿಲು. ಆದರೆ ಪೆಟ್ಟಿನ ತರುವಾಯ ತಲೆನೋವು ಏರುತ್ತಲೇ ಹೋದರೆ, ಮೇಲಿಂದ ಮೇಲೆ ವಾಂತಿಯಾದರೆ, ಸೆಳವು ಬಂದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕಡೆಯದಾಗಿ ಅಧಿಕಾರಿವರ್ಗಕ್ಕೆ ನಮ್ಮ ಬಿನ್ನಹ. ನಮ್ಮ ಕಚೇರಿಗಳ ಕಾಗದಗಳಲ್ಲಿ ನೌಕರನು ಅಸ್ವಸ್ಥನಾಗಿರುವನು, ಇಲ್ಲವೇ ಫಿಟ್‌ನೆಸ್ ಸರ್ಟಿಫಿಕೇಟು ತಂದು ಪೂರ್ಣ ಸ್ವಸ್ಥನಾಗುವನು. ಇವೆರಡರ ನಡುವೆ ಚೇತರಿಸಿಕೊಳ್ಳುವವನಿಗೆ ಸ್ಥಾನವೇ ಕಾಣದು. ಅಂತಹವನಿಗೆ ಮೊದಲು ಎರಡು ಗಂಟೆಯ ಕೆಲಸ, ಆಮೇಲೆ ಅರ್ಧ ದಿನ, ಬಳಿಕ ಪೂರ್ಣ ದಿನವೆಂದು ಕ್ರಮವಾಗಿ ಮರಳಲು ಅವಕಾಶವೀಯುವುದು ದಾಕ್ಷಿಣ್ಯವಲ್ಲ, ಚಿಕಿತ್ಸೆಯ ಒಂದು ಅಂಗ. ನಿಧಾನವೇ ಪ್ರಧಾನವೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ಅವಸರದಿಂದ ಎಳೆದು ತಂದ ನೌಕರನು ತಿಂಗಳೊಳಗೆ ಮತ್ತೆ ಹಾಸಿಗೆ ಹಿಡಿದರೆ ನಷ್ಟವು ಅವನೊಬ್ಬನದೇ ಅಲ್ಲ, ಕಚೇರಿಯದೂ ಹೌದು.