ಹಾಜರಿ ಪುಸ್ತಕದಲ್ಲಿ ಸಿಗದವರು

ನಮ್ಮ 1994ರ ಎಸ್ಸೆಸ್ಸೆಲ್ಸಿ ಬ್ಯಾಚಿನವರನ್ನು ಒಟ್ಟು ಸೇರಿಸಲು ಹೊರಟಾಗ ಹುಡುಗರು ಒಂದೇ ವಾರದಲ್ಲಿ ಸಿಕ್ಕಿದರು. ದಮ್ಮಾಮ್, ಜುಬೈಲ್, ದುಬೈ ಎಲ್ಲಿದ್ದರೂ ವಾಟ್ಸ್ಆ್ಯಪ್ ಇದೆಯಲ್ಲ! ಮುಹಮ್ಮದ್‌ಗಳೇ ಆರು ಮಂದಿ ಇದ್ದುದರಿಂದ ಇನಿಶಿಯಲ್ ನೋಡಿ ಗುರುತಿಸಬೇಕಾಯಿತು, ಅಷ್ಟೆ.

ಹುಡುಗಿಯರದ್ದು ಹಾಗಲ್ಲ. ಶಾಲೆಯ ದಾಖಲೆಯಲ್ಲಿದ್ದದ್ದು ತಂದೆಯ ಹೆಸರು, ತವರಿನ ವಿಳಾಸ. ಆ ಮನೆಗಳಲ್ಲಿ ಕೆಲವು ಮಾರಾಟವಾಗಿವೆ, ಕೆಲವು ಹೆದ್ದಾರಿ ಅಗಲೀಕರಣಕ್ಕೆ ಹೋಗಿವೆ. ಕೊನೆಗೆ ದಾರಿ ತೋರಿಸಿದ್ದು ಜಮಾಅತ್‌ನ ನಿಕಾಹ್ ರಿಜಿಸ್ಟರ್. ವರ ಯಾವ ಮೊಹಲ್ಲಾದವನೆಂದು ಅದರಲ್ಲಿ ಬರೆದಿತ್ತು. ಕಾರ್ಯದರ್ಶಿ ಪುಟ ಮಗುಚುತ್ತಾ ಉಳ್ಳಾಲ, ವಿಟ್ಲ, ಉಪ್ಪಿನಂಗಡಿ ಎಂದು ಹೇಳುತ್ತಾ ಹೋದರು. ಅಲ್ಲಿನ ಪರಿಚಯದವರಿಗೆ ಫೋನು ಮಾಡಿದೆವು. ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಸಿಕ್ಕಿದರು.

ಎರಡು ನಿಕಾಹ್‌ಗಳ ತಾರೀಕು ಪರೀಕ್ಷೆಗಿಂತ ಮೊದಲಿನದ್ದು. ಬೆಂಚಿನಲ್ಲಿ ಜಾಗ ಖಾಲಿಯಾದಾಗ ಯಾಕೆಂದು ನಾವು ಹುಡುಗರು ಕೇಳಿಯೂ ಇರಲಿಲ್ಲ.

ಅವರಲ್ಲೊಬ್ಬರು ಮೊಮ್ಮಗನನ್ನು ಎತ್ತಿಕೊಂಡೇ ಫೋನಿಗೆ ಬಂದರು. ಕೇಳಿದ್ದು ಒಂದೇ ಮಾತು: "ನಾನು ಪರೀಕ್ಷೆ ಬರೆದಿಲ್ಲ ಅಲ್ವಾ, ಆದ್ರೂ ಬರಬಹುದಾ?"

ಆಮಂತ್ರಣದಲ್ಲಿ 'ಪಾಸಾದವರು' ಎಂದು ಅಚ್ಚಾಗಿತ್ತು. 'ಜೊತೆಗೆ ಕಲಿತವರು' ಎಂದು ತಿದ್ದಿ ಮತ್ತೆ ಅಚ್ಚು ಹಾಕಿಸಿದೆವು. ಮೊದಲ ಪ್ರತಿ ಅವರ ಮನೆಗೇ ಹೋಯಿತು.